ಕೀಪ್ಯಾಡ್ ಫೋನ್ ಬಿಟ್ಟು ಸ್ಮಾರ್ಟ್‌ಫೋನ್ ಹಿಡಿಯುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಬಟನ್ ಇದ್ದರೆ ಸಾದಾ ಫೋನ್, ಟಚ್ ಇದ್ದರೆ ಸ್ಮಾರ್ಟ್‌ಫೋನ್. ಇಷ್ಟೇ ಅಲ್ಲವೇ ವ್ಯತ್ಯಾಸ?

ಅಲ್ಲ. 1996ರಲ್ಲಿ ಬಂದ ನೋಕಿಯಾ 9000 ಕಮ್ಯುನಿಕೇಟರ್ ತೆರೆದರೆ ಒಳಗೆ ಪೂರ್ತಿ ಕೀಬೋರ್ಡೇ ಇತ್ತು. ಬ್ಲ್ಯಾಕ್‌ಬೆರಿಯಲ್ಲೂ ಬಟನ್ನುಗಳೇ. ಎರಡೂ ಸ್ಮಾರ್ಟ್‌ಫೋನ್‌ಗಳೇ. ಇತ್ತ 2010ರ ಆಸುಪಾಸಿನಲ್ಲಿ ಒಂದು ಪ್ಲಾಸ್ಟಿಕ್ ಕಡ್ಡಿಯ ಸಮೇತ ಮಾರುತ್ತಿದ್ದ ಅಗ್ಗದ ಟಚ್ ಫೋನುಗಳ ಪರದೆ ಮುಟ್ಟಿದರೆ ಕೆಲಸ ಮಾಡುತ್ತಿತ್ತು, ಆದರೆ ಒಳಗಿದ್ದದ್ದು ಸಾದಾ ಫೋನೇ.

ಕೊಂಡ ಮೇಲೆ ಅದಕ್ಕೆ ಹೊಸ ಕೆಲಸ ಕಲಿಸಬಹುದೇ ಎಂಬುದೇ ನಿಜವಾದ ವ್ಯತ್ಯಾಸ. ಕೀಪ್ಯಾಡ್ ಫೋನಿಗೆ ಕರೆ, ಮೆಸೇಜು, ಅಲಾರಂ, ಟಾರ್ಚು, ಒಂದೆರಡು ಆಟ ಕಾರ್ಖಾನೆಯಲ್ಲೇ ಕೂತಿರುತ್ತವೆ. ಐದು ವರ್ಷ ಬಿಟ್ಟು ನೋಡಿದರೂ ಅಷ್ಟೇ. ಸ್ಮಾರ್ಟ್‌ಫೋನಿನಲ್ಲಿ ಪೂರ್ಣ ಪ್ರಮಾಣದ ಆಪರೇಟಿಂಗ್ ಸಿಸ್ಟಂ, ಅಂದರೆ ಇಡೀ ಫೋನನ್ನು ನಡೆಸುವ ಮೂಲ ತಂತ್ರಾಂಶ ಇರುತ್ತದೆ, ಅದರ ಮೇಲೆ ಬೇರೆ ಯಾರೋ ಬರೆದ ಆ್ಯಪ್ ಹಾಕಿಕೊಳ್ಳಬಹುದು. ಬೆಳಿಗ್ಗೆ ಪಹಣಿ ನೋಡಿದ ಫೋನು ಮಧ್ಯಾಹ್ನ ಬಸ್ಸು ಎಲ್ಲಿದೆ ಎಂದು ತೋರಿಸುತ್ತದೆ, ಸಂಜೆ ಹಣ ಕಳಿಸುತ್ತದೆ. ಕೆಳಗೆ ಬರುವ ಅನುಕೂಲಗಳೂ ಕಿರಿಕಿರಿಗಳೂ ಬಹುತೇಕ ಈ ಒಂದೇ ಗುಣದ ಮಕ್ಕಳು. ಚಾರ್ಜ್ ನಿಲ್ಲದಿರುವುದು, ಜಾಗ ತುಂಬುವುದು, ಹ್ಯಾಂಗ್ ಆಗುವುದು, ವಂಚಕರು ಒಳಗೆ ನುಸುಳುವುದು ಎಲ್ಲವೂ.

ಒಳಗಿನ ಭಾಗಗಳಲ್ಲಿ ಅಂತರ ಎಷ್ಟು?

ನೋಕಿಯಾ 105ರ ಹಳೆಯ ಮಾದರಿಗಳಲ್ಲಿ ರ್ಯಾಮ್, ಅಂದರೆ ನಡೆಯುತ್ತಿರುವ ಕೆಲಸವನ್ನು ಹಿಡಿದಿಟ್ಟುಕೊಳ್ಳುವ ಮೆಮೊರಿ, ಇದ್ದದ್ದು 4 ಎಂಬಿ. ಈಗಿನ ಅಗ್ಗದ ಸ್ಮಾರ್ಟ್‌ಫೋನಿನಲ್ಲಿ 4 ಜಿಬಿ, ಅಂದರೆ ಸಾವಿರ ಪಟ್ಟು. ಆ 4 ಎಂಬಿ ಕರೆ ಮತ್ತು ಮೆಸೇಜಿಗೆ ಧಾರಾಳ ಸಾಕು ಎನ್ನುವುದನ್ನೂ ಹೇಳಬೇಕು.

ರ್ಯಾಮ್‌ಗಿಂತ ಮುಖ್ಯವಾದದ್ದು ಸೆನ್ಸರ್‌ಗಳು. ಫೋನ್ ಯಾವ ಕಡೆ ವಾಲಿದೆ, ಅಲುಗಿತೇ ಎಂದು ತಿಳಿಯುವ ಆಕ್ಸೆಲೆರೋಮೀಟರ್ ಇದ್ದರೆ ಪರದೆ ಅಡ್ಡ ತಿರುಗುತ್ತದೆ, ಹೆಜ್ಜೆ ಎಣಿಸುತ್ತದೆ. ಕಿವಿ ಹತ್ತಿರ ಬಂದಾಗ ಪರದೆ ಆರಿಸಲು ಪ್ರಾಕ್ಸಿಮಿಟಿ ಸೆನ್ಸರ್, ಬಿಸಿಲಿಗೆ ತಕ್ಕಂತೆ ಬೆಳಕು ಏರಿಸಲು ಲೈಟ್ ಸೆನ್ಸರ್, ದಿಕ್ಕು ತೋರಿಸಲು ದಿಕ್ಸೂಚಿ, ಜಾಗ ಹೇಳಲು ಜಿಪಿಎಸ್, ಬೀಗಕ್ಕೆ ಬೆರಳಚ್ಚು. ತೀರಾ ಅಗ್ಗದ ಮಾದರಿಗಳಲ್ಲಿ ದಿಕ್ಸೂಚಿ ಮತ್ತು ಫೋನ್ ತಿರುಗುವುದನ್ನು ಅಳೆಯುವ ಜೈರೋಸ್ಕೋಪ್‌ಗಳಿಗೆ ಕತ್ತರಿ ಬಿದ್ದಿರುತ್ತದೆ. ಮ್ಯಾಪಿನಲ್ಲಿ ನೀವು ಯಾವ ಕಡೆ ಮುಖ ಮಾಡಿದ್ದೀರಿ ಎಂದು ಬಾಣ ಸರಿಯಾಗಿ ತೋರಿಸದಿದ್ದರೆ ಕಾರಣ ಇದೇ ಇರಬಹುದು. ನಡೆಯಲು ಶುರು ಮಾಡಿದ ಮೇಲೆ ಬಾಣ ನೆಟ್ಟಗಾಗುತ್ತದೆ.

ಜಿಯೋಫೋನ್‌ನಂಥವು ಯಾವ ಜಾತಿ?

ನಡುವಿನವು. 2017ರಲ್ಲಿ ಬಂದ ಜಿಯೋಫೋನ್ ನೋಡಲು ಕೀಪ್ಯಾಡ್, ಆದರೆ ಒಳಗೆ ಕೈಓಎಸ್ ಎಂಬ ಸಿಸ್ಟಂ, 4ಜಿ, ವೈಫೈ ಮತ್ತು ಚಿಕ್ಕದೊಂದು ಆ್ಯಪ್ ಅಂಗಡಿ ಇತ್ತು. 2018ರಲ್ಲಿ ವಾಟ್ಸಾಪ್ ಕೂಡ ಬಂತು. ಅನ್ಯರ ಆ್ಯಪ್ ನಂಬಿಕೊಂಡರೆ ಏನಾಗುತ್ತದೆ ಎಂಬುದಕ್ಕೂ ಅದೇ ಉದಾಹರಣೆ: 2024ರ ಜೂನ್‌ನಿಂದ ಕೈಓಎಸ್‌ಗೆ ವಾಟ್ಸಾಪ್ ಹೊಸದಾಗಿ ಸಿಗುವುದು ನಿಂತಿತು. ಆದ್ದರಿಂದ 'ವಾಟ್ಸಾಪ್ ಬರುತ್ತೆ' ಎಂಬ ಮಾತು ನಂಬಿ ಯಾರದೋ ಹಳೆಯ ಜಿಯೋಫೋನ್ ಕೊಳ್ಳಬೇಡಿ. ಜಿಯೋಫೋನ್, ಜಿಯೋಭಾರತ್ ಎರಡಕ್ಕೂ ಬೇರೆ ಕಂಪನಿಯ ಸಿಮ್ ಹಿಡಿಯುವುದಿಲ್ಲ ಎನ್ನುವುದೂ ನೆನಪಿರಲಿ.

ಹಳೆಯ ಕೀಪ್ಯಾಡ್ ಫೋನಿಗೆ ಜಿಯೋ ಸಿಮ್ ಹಾಕಿದರೆ ನೆಟ್‌ವರ್ಕೇ ಬರುವುದಿಲ್ಲ. ಫೋನ್ ಕೆಟ್ಟಿದೆಯೇ?

ಕೆಟ್ಟಿಲ್ಲ. ಜಿಯೋಗೆ 2ಜಿ ಇಲ್ಲ, 4ಜಿ ಮತ್ತು 5ಜಿ ಮಾತ್ರ. ಅಲ್ಲಿ ಮಾತು ಕೂಡ ಡೇಟಾದ ರೂಪದಲ್ಲೇ ಹೋಗುತ್ತದೆ. ಇದಕ್ಕೆ ವೋಲ್ಟಿ ಎನ್ನುತ್ತಾರೆ. 2ಜಿ ಮಾತ್ರ ಗೊತ್ತಿರುವ ಫೋನಿಗೆ ಆ ಟವರ್ ಕಾಣಿಸುವುದೇ ಇಲ್ಲ. ಕೀಪ್ಯಾಡ್ ಫೋನೇ ಬೇಕು, ಸಿಮ್ ಜಿಯೋದ್ದು ಎಂದರೆ ಡಬ್ಬಿಯ ಮೇಲೆ '4ಜಿ ವೋಲ್ಟಿ' ಎಂದಿರಬೇಕು. ಅಂಗಡಿಯಲ್ಲೇ ನಿಮ್ಮ ಸಿಮ್ ಹಾಕಿ ಒಂದು ಕರೆ ಮಾಡಿಯೇ ದುಡ್ಡು ಕೊಡಿ.

ಹಳೆಯ ಸ್ಮಾರ್ಟ್‌ಫೋನಿಗೂ ಇಂಥದೇ ತೊಡಕಿದೆ. 4ಜಿ ಇದ್ದರೂ ವೋಲ್ಟಿ ಇಲ್ಲದ ಮಾದರಿಗಳಲ್ಲಿ ನೆಟ್ ಓಡುತ್ತದೆ, ಕರೆ ಮಾತ್ರ ಹೋಗುವುದಿಲ್ಲ.

ಗುಡ್ಡದ ಮನೆಯಲ್ಲಿ ಅಪ್ಪನ ಕೀಪ್ಯಾಡ್‌ಗೆ ಟವರ್ ಸಿಗುತ್ತೆ, ನನ್ನ ಇಪ್ಪತ್ತು ಸಾವಿರದ ಫೋನ್‌ಗೆ ಸಿಗಲ್ಲ. ಯಾಕೆ?

ಮಲೆನಾಡಿನಿಂದ ತಪ್ಪದೆ ಬರುವ ಪ್ರಶ್ನೆ. ಬೆಲೆಗೂ ಇದಕ್ಕೂ ಸಂಬಂಧ ಕಡಿಮೆ. 900 ಮೆಗಾಹರ್ಟ್ಸ್‌ನಂಥ ಕೆಳಗಿನ ತರಂಗಾಂತರ ದೂರ ಹೋಗುತ್ತದೆ, ಗೋಡೆ, ಮರ, ಗುಡ್ಡದ ಅಂಚುಗಳನ್ನು ತಕ್ಕಮಟ್ಟಿಗೆ ದಾಟುತ್ತದೆ. 1800, 2300ರ ತರಂಗಗಳು ಅಷ್ಟು ದಾಟುವುದಿಲ್ಲ. ಅಪ್ಪನ ಫೋನು ಕೆಳಗಿನ ತರಂಗಾಂತರದ 2ಜಿಯಲ್ಲಿ ನೆಮ್ಮದಿಯಾಗಿ ಕೂತಿರುತ್ತದೆ. ನಿಮ್ಮದು ಬರುವುದೋ ಬಾರದೋ ಎಂಬಂಥ 4ಜಿಯನ್ನು ಹಿಡಿದು ಜಗ್ಗಾಡುತ್ತಿರುತ್ತದೆ. ಪರದೆಯ ಮೇಲಿನ ಕಡ್ಡಿಗಳನ್ನು ಹೋಲಿಸಿ ಪ್ರಯೋಜನವಿಲ್ಲ, ಒಂದೊಂದು ಕಂಪನಿಯ ಅಳತೆ ಒಂದೊಂದು ಥರ.

ಮಾಡಬಹುದಾದದ್ದು ಎರಡು. ಏರ್‌ಟೆಲ್, ವಿಐ ಅಥವಾ ಬಿಎಸ್ಎನ್ಎಲ್ ಸಿಮ್ ಆಗಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಒತ್ತಿ, ನೆಟ್‌ವರ್ಕ್ ಟೈಪ್‌ನಲ್ಲಿ 2ಜಿ ಆರಿಸಿ ನೋಡಿ. ಕೆಲವು ಮಾದರಿಗಳಲ್ಲಿ ಈ ಆಯ್ಕೆಯನ್ನು ಕಂಪನಿಯವರು ಅಡಗಿಸಿಟ್ಟಿರುತ್ತಾರೆ. ನೆಟ್ ತೀರಾ ನಿಧಾನವಾಗುತ್ತದೆ, ಕರೆ ಮಾತ್ರ ಗಟ್ಟಿ.

ಎರಡನೆಯದು ಇನ್ನೂ ಒಳ್ಳೆಯದು: ಮನೆಗೆ ಬ್ರಾಡ್‌ಬ್ಯಾಂಡ್ ಇದ್ದರೆ ವೈಫೈ ಕಾಲಿಂಗ್. ಇದು ವಾಟ್ಸಾಪ್ ಕರೆಯಲ್ಲ. ನಿಮ್ಮ ಮಾಮೂಲಿ ನಂಬರಿನಿಂದಲೇ, ಮಾಮೂಲಿ ಡಯಲರ್‌ನಿಂದಲೇ ಕರೆ ವೈಫೈ ಮೂಲಕ ಹೋಗುತ್ತದೆ. ಎದುರಿನವರದು ಕೀಪ್ಯಾಡ್ ಆದರೂ ಸರಿ, ಅದಕ್ಕೆಂದು ಬೇರೆ ಶುಲ್ಕವೂ ಇಲ್ಲ. ಸಿಮ್ ಸೆಟ್ಟಿಂಗ್ಸ್‌ನಲ್ಲೇ 'ವೈಫೈ ಕಾಲಿಂಗ್' ಇರುತ್ತದೆ, ಒಮ್ಮೆ ಆನ್ ಮಾಡಿದರೆ ಮುಗಿಯಿತು. ಆನ್ ಮಾಡಿಯೂ ಕರೆ ಟವರ್‌ನತ್ತಲೇ ಓಡಿದರೆ, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ವೈಫೈ ಮಾತ್ರ ಆನ್ ಮಾಡಿ. ಆಗ ಬೇರೆ ದಾರಿಯಿಲ್ಲದೆ ವೈಫೈನಲ್ಲೇ ಹೋಗುತ್ತದೆ. ಊರಿನ ಅಂಗಡಿಗಳಲ್ಲಿ ಸಿಗುವ ಕೀಪ್ಯಾಡ್ ಫೋನುಗಳಲ್ಲಿ ಈ ಸೌಲಭ್ಯ ಸಾಮಾನ್ಯವಾಗಿ ಇರುವುದಿಲ್ಲ. ಟವರ್ ಇಲ್ಲದ ಮನೆಗೆ ಸ್ಮಾರ್ಟ್‌ಫೋನ್ ತರಲು ನಮ್ಮ ಮಟ್ಟಿಗೆ ಇದೊಂದೇ ಕಾರಣ ಸಾಕು.

ಕೀಪ್ಯಾಡ್ ವಾರಗಟ್ಟಲೆ ಬರುತ್ತೆ. ಇದಕ್ಕೆ ದಿನಾ ಚಾರ್ಜ್ ಯಾಕೆ?

ನೋಕಿಯಾದ ಬಿಎಲ್-5ಸಿ ಬ್ಯಾಟರಿಯ ತಾಕತ್ತು ಸುಮಾರು 1,020 ಎಂಎಎಚ್. ಸ್ಮಾರ್ಟ್‌ಫೋನಿನದು ಸಾಮಾನ್ಯವಾಗಿ 5,000. ಐದು ಪಟ್ಟು ದೊಡ್ಡ ಬ್ಯಾಟರಿ, ಆದರೂ ಒಂದೇ ದಿನ. ಅಂಗೈಯಗಲದ ಹೊಳೆಯುವ ಪರದೆ ಒಂದು ಕಾರಣ. ಜೇಬಿನಲ್ಲಿದ್ದಾಗಲೂ ಹತ್ತಾರು ಆ್ಯಪ್‌ಗಳು ನೆಟ್‌ಗೆ ಹೋಗಿ ಬರುತ್ತಿರುವುದು ಇನ್ನೊಂದು. ಟವರ್ ದುರ್ಬಲವಿದ್ದರೆ ಫೋನು ಹೆಚ್ಚು ಶಕ್ತಿ ಹಾಕಿ ಕೂಗಬೇಕಾಗುತ್ತದೆ, ಅದು ಮೂರನೆಯದು. ಬೆಂಗಳೂರಿನಲ್ಲಿ ರಾತ್ರಿಯವರೆಗೆ ಬರುವ ಫೋನು ಆಗುಂಬೆಯಲ್ಲಿ ಮಧ್ಯಾಹ್ನಕ್ಕೇ ಮಲಗುವುದು ಇದಕ್ಕೇ.

5ಜಿ ಇಲ್ಲದ ಊರಿನಲ್ಲಿ ನೆಟ್‌ವರ್ಕ್ ಟೈಪನ್ನು 4ಜಿಗೆ ಇಳಿಸಿ. ಲೊಕೇಶನ್ ಬೇಕಾದಾಗ ಮಾತ್ರ ಆನ್ ಮಾಡಿ. ಬ್ಯಾಟರಿ ಸೆಟ್ಟಿಂಗ್ಸ್‌ನಲ್ಲಿ ಯಾವ ಆ್ಯಪ್ ಎಷ್ಟು ಪರ್ಸೆಂಟ್ ತಿಂದಿತು ಎಂಬ ಪಟ್ಟಿಯಿರುತ್ತದೆ. ನೀವು ಬಳಸದ ಆ್ಯಪ್ ಮೇಲಿನ ಸಾಲಿನಲ್ಲಿ ಕಂಡರೆ ಕಿತ್ತುಹಾಕಿ.

ಲಿಥಿಯಂ ಬ್ಯಾಟರಿಗೆ ಬಿಸಿಯೇ ಶತ್ರು. ಹಾಸಿಗೆಯ ಮೇಲೆ, ದಿಂಬಿನ ಕೆಳಗೆ, ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಚಾರ್ಜ್‌ಗೆ ಇಡಬೇಡಿ. ಹಿಂಬದಿ ಉಬ್ಬಿದೆ, ಪರದೆ ಅಂಚಿನಲ್ಲಿ ಎದ್ದಿದೆ ಎಂದರೆ ಬ್ಯಾಟರಿ ಊದಿಕೊಂಡಿದೆ. ಒತ್ತಿ ಕೂರಿಸಲು ಹೋಗದೆ, ಚಾರ್ಜ್ ಮಾಡುವುದನ್ನು ಅಂದೇ ನಿಲ್ಲಿಸಿ ಬದಲಿಸಿ. ಕೀಪ್ಯಾಡ್ ಫೋನಿನಲ್ಲಿ ಉಗುರಲ್ಲಿ ಎತ್ತಿ ತೆಗೆಯಬಹುದಿತ್ತು, ಇದರದು ಅಂಟು ಹಾಕಿ ಕೂರಿಸಿದ್ದು. ರಿಪೇರಿಯವರ ಕೆಲಸ ಅದು.

ನೆಟ್ ಇಲ್ಲದಿದ್ದರೆ ಜಿಪಿಎಸ್ ನಡೆಯುತ್ತದೆಯೇ?

ನಡೆಯುತ್ತದೆ. ಜಿಪಿಎಸ್ ಎಂದರೆ ಉಪಗ್ರಹಗಳಿಂದ ಬರುವ ಸಂಕೇತವನ್ನು ಕೇಳಿಸಿಕೊಳ್ಳುವುದು ಅಷ್ಟೇ, ಅದಕ್ಕೆ ಸಿಮ್ಮೂ ಬೇಡ. ಜಾಗ ಹೇಳಲು ಕನಿಷ್ಠ ನಾಲ್ಕು ಉಪಗ್ರಹಗಳು ಕಾಣಬೇಕು. ನೆಟ್ ಬೇಕಾಗುವುದು ಎರಡು ಕಡೆ: ಉಪಗ್ರಹ ಎಲ್ಲಿವೆ ಎಂಬ ಮಾಹಿತಿಯನ್ನು ಬೇಗ ತರಿಸಿಕೊಳ್ಳಲು, ಮತ್ತು ಮ್ಯಾಪಿನ ಚಿತ್ರ ಇಳಿಸಿಕೊಳ್ಳಲು. ನೆಟ್ ಇಲ್ಲದಾಗ ಮೊದಲ ಸಲ ಜಾಗ ಹಿಡಿಯಲು ಒಂದೆರಡು ನಿಮಿಷ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕಾಗಬಹುದು. ಘಟ್ಟಕ್ಕೆ ಹೊರಡುವ ಮುನ್ನ ಮನೆಯ ವೈಫೈನಲ್ಲೇ ಗೂಗಲ್ ಮ್ಯಾಪ್ಸ್ ತೆರೆದು, ಮೇಲಿನ ನಿಮ್ಮ ಚಿತ್ರ ಒತ್ತಿ, ಆಫ್‌ಲೈನ್ ಮ್ಯಾಪ್ಸ್‌ನಲ್ಲಿ ಆ ಪ್ರದೇಶವನ್ನು ಇಳಿಸಿಟ್ಟುಕೊಳ್ಳಿ.

ರೈತರಿಗೆ ಇದು ನೇರವಾಗಿ ತಟ್ಟುವುದು ಬೆಳೆ ಸಮೀಕ್ಷೆಯಲ್ಲಿ. 2020ರ ಮುಂಗಾರಿನಿಂದ ಕರ್ನಾಟಕದಲ್ಲಿ ರೈತರೇ ತಮ್ಮ ಬೆಳೆಯ ವಿವರವನ್ನು ಆ್ಯಪ್‌ನಲ್ಲಿ ಹಾಕಬಹುದು. ಸರ್ವೆ ನಂಬರ್ ಆರಿಸಿ, ಹೊಲದೊಳಗೆ ನಿಂತು ಫೋಟೊ ತೆಗೆಯಬೇಕು. ನಿಂತ ಜಾಗವನ್ನು ಜಿಪಿಎಸ್ ಸಾಕ್ಷಿ ಹೇಳುತ್ತದೆ. ಕ್ಯಾಮೆರಾ, ಜಿಪಿಎಸ್, ನೆಟ್, ಆ್ಯಪ್ ನಾಲ್ಕೂ ಒಂದೇ ಕೈಯಲ್ಲಿರಬೇಕಾದ ಕೆಲಸ ಇದು, ಆದ್ದರಿಂದಲೇ ಕೀಪ್ಯಾಡ್ ಫೋನಿನಲ್ಲಿ ಸಾಧ್ಯವೇ ಇಲ್ಲ. 'ನೀವು ಜಮೀನಿನ ಹೊರಗಿದ್ದೀರಿ' ಎಂದು ಆ್ಯಪ್ ಹಟ ಹಿಡಿದರೆ ಮೊದಲು ನೋಡಬೇಕಾದದ್ದು ನೆತ್ತಿಯ ಮೇಲೆ: ಅಡಿಕೆ ತೋಟದ ದಟ್ಟ ಸೋಗೆಯ ಕೆಳಗೆ ಸಂಕೇತ ಕುಂದುತ್ತದೆ, ಲೆಕ್ಕ ಹತ್ತಿಪ್ಪತ್ತು ಮೀಟರ್ ಆಚೀಚೆ ಆಗುತ್ತದೆ. ಬಯಲಿಗೆ ಬಂದು, ಗಡಿಯಿಂದ ಒಳಗೆ ಸರಿದು, ಎರಡು ನಿಮಿಷ ನಿಂತು ಮತ್ತೆ ನೋಡಿ. ಲೊಕೇಶನ್ ಅನುಮತಿಯಲ್ಲಿ 'ನಿಖರ' ಎಂಬ ಆಯ್ಕೆ ಆಫ್ ಆಗಿದ್ದರೂ ಹೀಗೇ ಆಗುತ್ತದೆ. ಸರ್ವೆ ನಂಬರ್ ಯಾವುದೆಂದೇ ಗೊಂದಲವಿದ್ದರೆ ದಿಶಾಂಕ್ ಆ್ಯಪ್ ತೆರೆದು ನೋಡಿಕೊಳ್ಳಿ.

ತೋಟದ ಕೆಲಸ ಮಾಡಿ ಬಂದ ಕೈಗೆ ಟಚ್ ಕೆಲಸವೇ ಮಾಡಲ್ಲ.

ಪರದೆ ಒತ್ತಡವನ್ನು ನೋಡುವುದಿಲ್ಲ, ಬೆರಳಿನ ವಿದ್ಯುತ್ ಗುಣವನ್ನು ನೋಡುತ್ತದೆ. ಜಡ್ಡುಗಟ್ಟಿದ ಒಣ ಚರ್ಮ ಅದಕ್ಕೆ ಸರಿಯಾಗಿ ಕಾಣುವುದಿಲ್ಲ. ಗಟ್ಟಿಯಾಗಿ ಒತ್ತಿದರೆ ಏನೂ ಲಾಭವಿಲ್ಲ. ಒದ್ದೆ ಕೈಯಾದರೆ ನೀರೂ ಬೆರಳಿನಂತೆ ಕಂಡು ಎಲ್ಲೆಲ್ಲೋ ಒತ್ತಿದಂತಾಗುತ್ತದೆ. ಕೈ ಒರೆಸಿ, ಬೆರಳ ತುದಿಯ ಬದಲು ಮೆತ್ತಗಿನ ಭಾಗ ತಾಗಿಸಿ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಟಚ್ ಸೆನ್ಸಿಟಿವಿಟಿ ಅಥವಾ ಗ್ಲೋವ್ ಮೋಡ್ ಇದ್ದರೆ ಆನ್ ಮಾಡಿ. ಬೆರಳಚ್ಚಿನ ಬೀಗವೂ ಇಂಥ ಕೈಗಳಿಗೆ ಕೈಕೊಡುತ್ತದೆ. ಎಡಗೈಯ ಉಂಗುರ ಬೆರಳು ಕಡಿಮೆ ಸವೆದಿರುತ್ತದೆ, ಅದನ್ನೇ ಕೊಟ್ಟು ನೋಡಿ. ಪಿನ್ ಅಂತೂ ಇದ್ದೇ ಇರುತ್ತದೆ.

ಕರೆ ಮುಗಿದರೂ ಪರದೆ ಕಪ್ಪಗೇ ಇರುತ್ತದೆ, ಕಟ್ ಮಾಡಲು ಬರುವುದಿಲ್ಲ.

ಟೆಂಪರ್ಡ್ ಗ್ಲಾಸ್ ಹಾಕಿಸಿದ ಮೇಲೆ ಶುರುವಾಯಿತೇ? ಪರದೆಯ ಮೇಲಂಚಿನ ಪ್ರಾಕ್ಸಿಮಿಟಿ ಸೆನ್ಸರ್ ಮುಚ್ಚಿಹೋಗಿದೆ ಅಥವಾ ಅಲ್ಲಿ ಎಣ್ಣೆ, ಧೂಳು ಕೂತಿದೆ. ಕಿವಿ ಇನ್ನೂ ಅಲ್ಲೇ ಇದೆ ಎಂದು ಫೋನು ತಿಳಿದಿದೆ. ಒರೆಸಿ, ಆಗದಿದ್ದರೆ ಸೆನ್ಸರ್ ಜಾಗ ಕತ್ತರಿಸಿದ ಗ್ಲಾಸ್ ಹಾಕಿಸಿ. ಸದ್ಯಕ್ಕೆ, 'ಪವರ್ ಬಟನ್ ಒತ್ತಿದರೆ ಕರೆ ಕಟ್' ಎಂಬ ಆಯ್ಕೆ ಅಕ್ಸೆಸಿಬಿಲಿಟಿ ಸೆಟ್ಟಿಂಗ್ಸ್‌ನಲ್ಲಿದೆ. ವಯಸ್ಸಾದವರ ಫೋನಿನಲ್ಲಿ ಅದನ್ನು ಆನ್ ಮಾಡಿಯೇ ಕೊಡಿ, ಕೆಂಪು ಬಟನ್ ಕಳೆದುಕೊಂಡ ಅವರ ಬೇಸರ ಅರ್ಧ ಕಮ್ಮಿಯಾಗುತ್ತದೆ.

ಕನ್ನಡದ ಮೆಸೇಜು ಕೀಪ್ಯಾಡ್‌ನಲ್ಲಿ ಡಬ್ಬಿ ಡಬ್ಬಿಯಾಗಿ ಕಾಣುವುದೇಕೆ?

ಆ ಫೋನಿನಲ್ಲಿ ಕನ್ನಡದ ಅಕ್ಷರರೂಪಗಳು ಇಲ್ಲ, ಅಷ್ಟೇ. ಆಮೇಲೆ ಸೇರಿಸಲೂ ಬರುವುದಿಲ್ಲ. ಹೊಸ ಕೀಪ್ಯಾಡ್ ಫೋನುಗಳು ಕನ್ನಡ ತೋರಿಸುತ್ತವೆ, ಆದರೆ ಒಂಬತ್ತು ಗುಂಡಿಗಳಲ್ಲಿ ಒತ್ತಕ್ಷರ ಟೈಪ್ ಮಾಡುವುದು ತಪಸ್ಸು.

ಎಸ್ಎಂಎಸ್ ಕಳಿಸುವವರಿಗೆ ಒಂದು ಲೆಕ್ಕ: ಇಂಗ್ಲಿಷಿನಲ್ಲಿ ಒಂದು ಮೆಸೇಜಿಗೆ 160 ಅಕ್ಷರ, ಕನ್ನಡದಲ್ಲಿ 70 ಮಾತ್ರ. ಅದರಲ್ಲೂ ಗುಣಿತ, ಒತ್ತು ಬೇರೆ ಬೇರೆಯಾಗಿ ಎಣಿಕೆಯಾಗುತ್ತವೆ. 'ಸ್ತ್ರೀ' ಎಂಬುದು ನಮ್ಮ ಕಣ್ಣಿಗೆ ಒಂದಕ್ಷರ, ಫೋನಿನ ಲೆಕ್ಕದಲ್ಲಿ ಆರು. ನಾಲ್ಕು ಸಾಲು ಬರೆದರೆ ಎರಡು ಮೂರು ಮೆಸೇಜಿನ ದುಡ್ಡು ಹೋಗುವುದು ಹೀಗೆ.

ಸ್ಮಾರ್ಟ್‌ಫೋನಿನಲ್ಲಿ ಗೂಗಲ್‌ನ ಕೀಬೋರ್ಡ್ ಆ್ಯಪ್ ಜಿಬೋರ್ಡ್‌ಗೆ ಕನ್ನಡ ಸೇರಿಸುವಾಗ ಎರಡು ಬಗೆ ಸಿಗುತ್ತವೆ: ಕನ್ನಡ ಅಕ್ಷರಗಳದೇ ಕೀಲಿಮಣೆ, ಮತ್ತು ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡವಾಗುವುದು. ಎರಡೂ ಒಗ್ಗದವರು ಮೈಕ್ ಚಿತ್ರ ಒತ್ತಿ ಮಾತಾಡಲಿ. ಓದು ಬರಹ ಕಡಿಮೆಯಿರುವ ಹಿರಿಯರಿಗೆ ಸ್ಮಾರ್ಟ್‌ಫೋನ್ ಕೀಪ್ಯಾಡ್‌ಗಿಂತ ಸುಲಭವಾಗುವುದು ಇಲ್ಲೇ. ಯೂಟ್ಯೂಬಿನಲ್ಲಿ ಬಾಯಲ್ಲಿ ಹೇಳಿಯೇ ಯಕ್ಷಗಾನ ಹುಡುಕುತ್ತಾರೆ.

ಕೀಪ್ಯಾಡ್‌ನಿಂದ ಹಣ ಕಳಿಸಲು ಬರುವುದೇ ಇಲ್ಲವೇ?

ಬರುತ್ತದೆ. *99# ಡಯಲ್ ಮಾಡಿ. ನಂಬರ್ ಬ್ಯಾಂಕಿನಲ್ಲಿ ನೋಂದಣಿಯಾಗಿರಬೇಕು. ಮೊದಲ ಸಲ ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ ಮತ್ತು ಅವಧಿ ಮುಗಿಯುವ ತಿಂಗಳು-ವರ್ಷ ಕೊಟ್ಟು ಪಿನ್ ಮಾಡಿಕೊಳ್ಳಬೇಕು. ಆಮೇಲೆ 1 ಒತ್ತಿ, ಯಾರಿಗೆ, ಎಷ್ಟು, ಪಿನ್. ಒಂದು ಸಲಕ್ಕೆ 5,000 ರೂಪಾಯಿಯ ಮಿತಿ. ನಿಧಾನ ಮಾಡಿದರೆ ನಡುವೆಯೇ ಕಡಿದುಹೋಗುತ್ತದೆ. ನಂಬರನ್ನು ಚೀಟಿಯಲ್ಲಿ ಬರೆದುಕೊಂಡು ಕೂರಿ. ಕಡಿದುಹೋದರೆ ಮತ್ತೆ ಕಳಿಸುವ ಮುನ್ನ ಬ್ಯಾಲೆನ್ಸ್ ನೋಡಿ, ಮೊದಲಿನದು ಹೋಗಿಯೇ ಇರಬಹುದು.

2022ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ಯುಪಿಐ 123ಪೇ ಶುರು ಮಾಡಿತು. ಕರೆ ಮಾಡಿ ಧ್ವನಿಯ ಸೂಚನೆಗಳಂತೆ ಹಣ ಕಳಿಸುವುದು, ಮಿಸ್ಡ್ ಕಾಲ್ ಕೊಡುವುದು ಮುಂತಾದ ದಾರಿಗಳು ಅದರಲ್ಲಿವೆ. ಇದರ ಮಿತಿಯನ್ನು ಆಮೇಲೆ 10,000ಕ್ಕೆ ಏರಿಸಲಾಯಿತು. ಅಂಗಡಿಯ ಕ್ಯೂಆರ್ ಕೋಡ್‌ಗೆ ಹಿಡಿದು ಕೊಡುವ ಅಭ್ಯಾಸ ಮಾತ್ರ ಸ್ಮಾರ್ಟ್‌ಫೋನಿನದೇ.

ಹೊಸ ಫೋನಿನಲ್ಲಿ ಯುಪಿಐ ಸೆಟ್ ಆಗುತ್ತಿಲ್ಲ, ಓಟಿಪಿಯೇ ಬರುತ್ತಿಲ್ಲ.

ಕೀಪ್ಯಾಡ್‌ನ ದೊಡ್ಡ ಸಿಮ್ ಕೊಟ್ಟು ಹೊಸ ನ್ಯಾನೊ ಸಿಮ್ ತಂದಿರಾ? ಸಿಮ್ ಬದಲಿಸಿದ ಮೇಲೆ 24 ಗಂಟೆ ಎಸ್ಎಂಎಸ್ ಬಂದ್ ಇರುತ್ತದೆ. ಕದ್ದು ಸಿಮ್ ಬದಲಿಸಿ ಖಾತೆ ದೋಚುವವರನ್ನು ತಡೆಯಲು ಮಾಡಿದ ನಿಯಮ ಇದು. ಕಾಯಿರಿ, ಅಷ್ಟರಲ್ಲಿ ಆ್ಯಪ್ ಅಳಿಸಿ ಹಾಕಿ ಮಾಡಿ ಪ್ರಯೋಜನವಿಲ್ಲ. ಬ್ಯಾಂಕಿನ ಕೆಲಸ ತುರ್ತಿದ್ದರೆ ಸಿಮ್ ಬದಲಿಸುವ ಮೊದಲೇ ಮುಗಿಸಿಕೊಳ್ಳಿ. ಹಳೆಯ ಸಿಮ್ಮನ್ನು ಕತ್ತರಿಸಿ ಚಿಕ್ಕದು ಮಾಡಿಸುವ ಉಪಾಯ ಬೇಡ. ದೊಡ್ಡ ಸಿಮ್ ದಪ್ಪವೂ ತುಸು ಹೆಚ್ಚು, ಟ್ರೇಯಲ್ಲಿ ಸಿಕ್ಕಿಕೊಂಡು ಪಿನ್ನು ಬಗ್ಗುತ್ತದೆ.

ಸಿಮ್ ಹಳೆಯದೇ ಆಗಿದ್ದರೆ ಮೂರು ವಿಷಯ ನೋಡಿ. ಯುಪಿಐ ಆ್ಯಪ್ ಮೊದಲು ನಿಮ್ಮ ಫೋನಿನಿಂದಲೇ ಒಂದು ಎಸ್ಎಂಎಸ್ ಕಳಿಸಿ ಸಿಮ್ಮಿಗೂ ಫೋನಿಗೂ ಗಂಟು ಹಾಕುತ್ತದೆ. ಆ ಸಿಮ್ ಇದೇ ಫೋನಿನಲ್ಲಿರಬೇಕು, ಅದರಲ್ಲಿ ಎಸ್ಎಂಎಸ್ ಕಳಿಸಲು ಪ್ಯಾಕ್ ಇರಬೇಕು, ಎರಡು ಸಿಮ್ ಇದ್ದರೆ ಸರಿಯಾದದ್ದನ್ನೇ ಆರಿಸಿರಬೇಕು. ಗಂಟು ಬಿದ್ದ ಮೊದಲ 24 ಗಂಟೆ 5,000 ರೂಪಾಯಿಗಿಂತ ಹೆಚ್ಚು ಕಳಿಸಲು ಸಾಮಾನ್ಯವಾಗಿ ಬಿಡುವುದಿಲ್ಲ, ಗಾಬರಿ ಬೇಡ.

ಕೀಪ್ಯಾಡ್‌ನ ನಂಬರ್‌ಗಳನ್ನು ಹೊಸ ಫೋನಿಗೆ ತರುವುದು ಹೇಗೆ?

ಹಳೆಯ ಫೋನಿನಲ್ಲಿ ಬ್ಲೂಟೂತ್ ಇದ್ದರೆ ಕಾಂಟ್ಯಾಕ್ಟ್ಸ್‌ನಿಂದಲೇ ಎಲ್ಲವನ್ನೂ ಕಳಿಸಿ. ಒಂದು ಫೈಲ್ ಬರುತ್ತದೆ, ಅದನ್ನು ತೆರೆದರೆ ಎಲ್ಲ ಸೇರಿಕೊಳ್ಳುತ್ತವೆ. ಇಲ್ಲದಿದ್ದರೆ ಫೋನಿನ ಮೆಮೊರಿಯಿಂದ ಸಿಮ್ಮಿಗೆ ಕಾಪಿ ಮಾಡಿ, ಸಿಮ್ಮನ್ನು ಹೊಸ ಫೋನಿಗೆ ಹಾಕಿ, ಕಾಂಟ್ಯಾಕ್ಟ್ಸ್‌ನಲ್ಲಿ ಸಿಮ್‌ನಿಂದ ಇಂಪೋರ್ಟ್ ಮಾಡಿ. ಸಾಮಾನ್ಯ ಸಿಮ್ಮಿನಲ್ಲಿ ಹಿಡಿಯುವುದು 250 ಹೆಸರು. ಒಂದು ಹೆಸರಿಗೆ ಒಂದೇ ನಂಬರ್, ಉದ್ದದ ಹೆಸರಿನ ಬಾಲವೂ ಕತ್ತರಿಸಿಹೋಗುತ್ತದೆ. 'ರಮೇಶ ಗೊಬ್ಬರದಂಗಡಿ ತೀರ್ಥಹಳ್ಳಿ' ಬರೀ 'ರಮೇಶ ಗೊ' ಆಗಿ ಕೂತರೆ ಆಶ್ಚರ್ಯಪಡಬೇಡಿ. ಇಂಪೋರ್ಟ್ ಮಾಡುವಾಗ ಎಲ್ಲಿ ಉಳಿಸಲಿ ಎಂದು ಕೇಳುತ್ತದೆ, ಗೂಗಲ್ ಖಾತೆಯನ್ನೇ ಆರಿಸಿ. ಫೋನ್ ಕಳೆದರೂ ನಂಬರ್ ಉಳಿಯುತ್ತವೆ. ಹೊಸ ಸಿಮ್ ತರುವವರು ಹಳೆಯ ಸಿಮ್ಮನ್ನು ಅಂಗಡಿಯಲ್ಲಿ ಬಿಟ್ಟುಬರುವ ಮುನ್ನವೇ ಈ ಕೆಲಸ ಮುಗಿಸಿ.

ಆರೇ ತಿಂಗಳಿಗೆ 'ಸ್ಟೋರೇಜ್ ಫುಲ್'. ಏನೂ ಇಟ್ಟಿಲ್ಲವಲ್ಲ?

ನೀವಿಟ್ಟಿಲ್ಲ, ವಾಟ್ಸಾಪ್ ಗ್ರೂಪಿನವರು ಇಟ್ಟಿದ್ದಾರೆ. ಶುಭೋದಯದ ಚಿತ್ರ, ಒಂದೇ ವಿಡಿಯೊ ಆರು ಗ್ರೂಪಿನಿಂದ. ವಾಟ್ಸಾಪ್ ಸೆಟ್ಟಿಂಗ್ಸ್‌ನ 'ಸ್ಟೋರೇಜ್ ಅಂಡ್ ಡೇಟಾ'ದಲ್ಲಿ ಆಟೊ ಡೌನ್‌ಲೋಡ್ ಪೂರ್ತಿ ತೆಗೆಯಿರಿ. ಅಲ್ಲೇ ಯಾವ ಗ್ರೂಪ್ ಎಷ್ಟು ಜಾಗ ತಿಂದಿದೆ ಎಂದು ದೊಡ್ಡದರಿಂದ ಚಿಕ್ಕದಕ್ಕೆ ಪಟ್ಟಿ ಸಿಗುತ್ತದೆ. ಗ್ಯಾಲರಿಯಲ್ಲಿ ಅಳಿಸಿದ್ದು ಸಾಮಾನ್ಯವಾಗಿ 30 ದಿನ ಕಸದ ಬುಟ್ಟಿಯಲ್ಲಿ ಇರುತ್ತದೆ, ಅದನ್ನೂ ಖಾಲಿ ಮಾಡಿದರೇ ಜಾಗ. ಒಟ್ಟು ಜಾಗದ ಹತ್ತನೇ ಒಂದು ಭಾಗವಾದರೂ ಖಾಲಿ ಇಡಿ, ತುಂಬಿದ ಫೋನು ಹ್ಯಾಂಗ್ ಆಗಿಯೇ ಆಗುತ್ತದೆ. 'ಕ್ಲೀನರ್' ಆ್ಯಪ್‌ಗಳು ಬೇಡ, ಜಾಹೀರಾತು ತುಂಬಿಸುವುದೇ ಅವುಗಳ ಕಸುಬು.

ಕೊಳ್ಳುವಾಗ ಏನು ನೋಡಬೇಕು?

ರ್ಯಾಮ್ 4 ಜಿಬಿ ಕನಿಷ್ಠ, 6 ಇದ್ದರೆ ನಿರಾಳ. ಸ್ಟೋರೇಜ್ 128 ಜಿಬಿ. ಡಬ್ಬಿಯ ಮೇಲೆ '8 ಜಿಬಿ' ಎಂದು ದೊಡ್ಡದಾಗಿ, ಪಕ್ಕದಲ್ಲಿ '4+4' ಎಂದು ಸಣ್ಣದಾಗಿ ಬರೆದಿದ್ದರೆ ನಿಜವಾದ ರ್ಯಾಮ್ 4 ಮಾತ್ರ. ಉಳಿದದ್ದು ಸ್ಟೋರೇಜಿನಿಂದ ಎರವಲು ತಂದದ್ದು, ನಿಧಾನದ್ದು. ಇದನ್ನು 8 ಎಂದು ಮಾರುವುದು ನಮ್ಮ ದೃಷ್ಟಿಯಲ್ಲಿ ಮೋಸವೇ.

ಮೆಗಾಪಿಕ್ಸೆಲ್ ಲೆಕ್ಕವೂ ಹಾಗೇ. 50 ಮೆಗಾಪಿಕ್ಸೆಲ್ ಕ್ಯಾಮೆರಾ ನಾಲ್ಕು ಚುಕ್ಕೆ ಸೇರಿಸಿ ಒಂದು ಮಾಡಿ ಸುಮಾರು 12 ಮೆಗಾಪಿಕ್ಸೆಲ್ ಚಿತ್ರ ಕೊಡುತ್ತದೆ. ಅದು ಕೆಟ್ಟದ್ದಲ್ಲ, ಕತ್ತಲಲ್ಲಿ ಒಳ್ಳೆಯದೇ. ಪಕ್ಕದ 2 ಮೆಗಾಪಿಕ್ಸೆಲ್ ಕಣ್ಣುಗಳು ಹೆಚ್ಚಾಗಿ ಅಲಂಕಾರಕ್ಕೆ.

ಮುಖ್ಯವಾಗಿ, ಸೆಕ್ಯುರಿಟಿ ಅಪ್‌ಡೇಟ್ ಎಷ್ಟು ವರ್ಷ ಎಂದು ಕೇಳಿ. ಸೆಕೆಂಡ್ ಹ್ಯಾಂಡ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಸೆಕ್ಯುರಿಟಿ ಪ್ಯಾಚ್ ದಿನಾಂಕ ನೋಡಿ. ಎರಡು ವರ್ಷ ಹಳೆಯದಾಗಿದ್ದರೆ ಬ್ಯಾಂಕಿನ ಆ್ಯಪ್‌ಗೆ ಆ ಫೋನ್ ಬೇಡ. ಜೊತೆಗೆ *#06# ಒತ್ತಿ ಬರುವ 15 ಅಂಕಿಯ ಐಎಂಇಐ (ಫೋನಿನ ಗುರುತಿನ ಸಂಖ್ಯೆ) ಬರೆದುಕೊಂಡು, ಇಂಗ್ಲಿಷಿನಲ್ಲಿ ಕೆ ವೈ ಎಂ ಎಂಬ ಮೂರು ಅಕ್ಷರ, ಒಂದು ಖಾಲಿ ಜಾಗ, ಆ ನಂಬರ್ ಬರೆದು 14422ಕ್ಕೆ ಎಸ್ಎಂಎಸ್ ಮಾಡಿ. ಫೋನ್ ಕಪ್ಪುಪಟ್ಟಿಯಲ್ಲಿದ್ದರೆ ಉತ್ತರದಲ್ಲೇ ತಿಳಿಯುತ್ತದೆ.

ವಂಚಕರ ಮಟ್ಟಿಗೆ ಕೀಪ್ಯಾಡ್ ಫೋನೇ ಸುರಕ್ಷಿತವಲ್ಲವೇ?

ಅರ್ಧ ನಿಜ. ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ಚಲನ್, ಸರಕಾರಿ ಯೋಜನೆಯ ಹೆಸರಿನಲ್ಲಿ ವಾಟ್ಸಾಪ್‌ಗೆ ಎಪಿಕೆ ಫೈಲ್ ಬರುತ್ತದೆ. ಒತ್ತಿದರೆ ಅದೊಂದು ಆ್ಯಪ್ ಆಗಿ ಕೂತು, ಮೆಸೇಜು ಓದುವ ಅನುಮತಿ ಪಡೆದು, ಓಟಿಪಿಗಳನ್ನು ಕಳ್ಳರಿಗೆ ದಾಟಿಸುತ್ತದೆ. ಹೊಸ ಕೆಲಸ ಕಲಿಯುವ ಯಂತ್ರ ಕಳ್ಳತನವನ್ನೂ ಕಲಿಯುತ್ತದೆ. ಆ್ಯಪ್ ಹಾಕಲಾಗದ ಕೀಪ್ಯಾಡ್‌ನಲ್ಲಿ ಈ ಆಟ ನಡೆಯದು. ಆದರೆ 'ಬ್ಯಾಂಕಿನಿಂದ ಮಾತಾಡ್ತಿದೀವಿ, ನಂಬರ್ ಹೇಳಿ' ಎಂಬ ಕರೆಗೆ ಎರಡೂ ಫೋನು ಒಂದೇ.

ಉಳಿತಾಯ ಖಾತೆಯ ಸಿಮ್ಮನ್ನು ಕೀಪ್ಯಾಡ್‌ನಲ್ಲಿ ಮನೆಯಲ್ಲೇ ಇಟ್ಟು, ಸ್ಮಾರ್ಟ್‌ಫೋನಿನ ಯುಪಿಐಗೆ ಬೇರೆ ನಂಬರ್, ಸ್ವಲ್ಪವೇ ದುಡ್ಡಿರುವ ಬೇರೆ ಖಾತೆ ಇಟ್ಟುಕೊಳ್ಳುವವರಿದ್ದಾರೆ. ಒಳ್ಳೆಯ ವ್ಯವಸ್ಥೆ. ಒಂದೇ ಖಾತೆಗೆ ಎರಡನ್ನೂ ಮಾಡಲು ಹೋದರೆ ಆಗುವುದಿಲ್ಲ, ಯುಪಿಐಗೆ ಆ ಸಿಮ್ ಸ್ಮಾರ್ಟ್‌ಫೋನಿನಲ್ಲೇ ಬೇಕು.

ಎಪಿಕೆ ಒತ್ತಿಯಾಗಿದ್ದರೆ ಕೂಡಲೇ ಏರೋಪ್ಲೇನ್ ಮೋಡ್ ಹಾಕಿ, ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆ ತಡೆಹಿಡಿಸಿ, ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೊದಲ ಒಂದೆರಡು ಗಂಟೆಯೊಳಗೆ ತಿಳಿಸಿದರೆ ಹಣ ಮುಂದೆ ಹೋಗದಂತೆ ತಡೆಯುವ ಸಾಧ್ಯತೆ ಹೆಚ್ಚು. ಆಮೇಲೆ ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿ.

ಕಳೆದುಹೋದರೆ?

ಮೊದಲು ನಂಬರ್ ಬ್ಲಾಕ್ ಮಾಡಿಸಿ. ಬೇರೆ ಫೋನಿನಿಂದ ನಿಮ್ಮ ಗೂಗಲ್ ಖಾತೆಗೆ ಹೋಗಿ ಫೋನ್ ಎಲ್ಲಿದೆ ನೋಡಿ, ದೂರದಿಂದಲೇ ಬೀಗ ಹಾಕಿ. ಪೊಲೀಸ್ ದೂರಿನ ಪ್ರತಿ, ಐಎಂಇಐ, ಬಿಲ್ಲು ಹಿಡಿದು ಕೇಂದ್ರ ಸರಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಫೋನನ್ನೇ ಬ್ಲಾಕ್ ಮಾಡಿಸಬಹುದು. ಯಾವ ಸಿಮ್ ಹಾಕಿದರೂ ನೆಟ್‌ವರ್ಕ್ ಬಾರದು. ಈ ಕೊನೆಯ ಸೌಲಭ್ಯ ಕೀಪ್ಯಾಡ್ ಫೋನಿಗೂ ಇದೆ, ಬಳಸುವವರು ಕಡಿಮೆ.

ಆಪತ್ತಿನಲ್ಲಿ ಯಾವುದು ಮೇಲು?

ಎರಡರಲ್ಲೂ 112 ಇದೆ. 2017ರಿಂದ ಮಾರುವ ಕೀಪ್ಯಾಡ್ ಫೋನುಗಳಲ್ಲಿ 5 ಅಥವಾ 9ನ್ನು ಒತ್ತಿ ಹಿಡಿದರೆ, ಸ್ಮಾರ್ಟ್‌ಫೋನಿನಲ್ಲಿ ಪವರ್ ಬಟನ್ನನ್ನು ಮೂರು ಸಲ, ಕೆಲವು ಮಾದರಿಗಳಲ್ಲಿ ಐದು ಸಲ, ಬೇಗ ಬೇಗ ಒತ್ತಿದರೆ ತುರ್ತು ಕರೆ ಹೋಗುತ್ತದೆ. ಸ್ಮಾರ್ಟ್‌ಫೋನ್ ಜಾಗವನ್ನೂ ತಿಳಿಸಬಲ್ಲದು. ಆದರೆ ಮೂರು ದಿನ ಕರೆಂಟ್ ಹೋದ ಮಳೆಗಾಲದಲ್ಲಿ ಉಸಿರು ಹಿಡಿದು ಬದುಕಿರುವುದು ಕೀಪ್ಯಾಡೇ.

ನೀರಿಗೆ ಬಿತ್ತು. ಅಕ್ಕಿಯಲ್ಲಿ ಹೂತಿಡಲೇ?

ಬೇಡ. ಅಕ್ಕಿಯ ಪುಡಿ ಚಾರ್ಜಿಂಗ್ ತೂತಿಗೆ ಸೇರುತ್ತದೆ, ತೇವ ಹೀರುವುದು ಅಷ್ಟಕ್ಕಷ್ಟೇ. ಆಫ್ ಮಾಡಿ, ಸಿಮ್ ಟ್ರೇ ತೆಗೆದು, ತೂತು ಕೆಳಗೆ ಮಾಡಿ ಫ್ಯಾನಿನ ಗಾಳಿಗೆ ಒಂದೆರಡು ದಿನ ಇಡಿ. ಒಣಗಿದೆಯೇ ಎಂದು ನೋಡಲು ನಡುವೆ ಆನ್ ಮಾಡುವುದೇ ಫೋನನ್ನು ಕೊಲ್ಲುವುದು. ಡಬ್ಬಿಯ ಮೇಲೆ ಐಪಿ54 ಎಂದಿದ್ದರೆ ಹನಿ ತಡೆಯುತ್ತದೆ ಅಷ್ಟೇ, ಬಾವಿಯಲ್ಲ.

ಎಫ್ಎಂ ರೇಡಿಯೊ ಎಲ್ಲಿ ಹೋಯಿತು?

ಹೊಸ ಸ್ಮಾರ್ಟ್‌ಫೋನುಗಳಲ್ಲಿ ಅದನ್ನು ಕೈಬಿಡುವುದೇ ಹೆಚ್ಚಾಗಿದೆ. ಇದ್ದರೂ ಇಯರ್‌ಫೋನಿನ ತಂತಿಯೇ ಆಂಟೆನಾ, ಅದನ್ನು ಸಿಕ್ಕಿಸದೆ ಹಾಡದು. ನೆಟ್‌ನಲ್ಲಿ ಆಕಾಶವಾಣಿ ಕೇಳಬಹುದು, ಡೇಟಾ ಖರ್ಚಾಗುತ್ತದೆ.

ಹಳೆಯ ಕೀಪ್ಯಾಡ್ ಫೋನನ್ನು ಏನು ಮಾಡಲಿ?

ಎಸೆಯಬೇಡಿ. ಬ್ಯಾಟರಿಯನ್ನು ಅರ್ಧ ಚಾರ್ಜ್ ಮಾಡಿ, ಹೊರತೆಗೆದು, ತಂಪಾದ ಜಾಗದಲ್ಲಿಡಿ. ಮೂರು ನಾಲ್ಕು ತಿಂಗಳಿಗೊಮ್ಮೆ ಮತ್ತೆ ಅರ್ಧಕ್ಕೆ ತನ್ನಿ. ಪೂರ್ತಿ ಇಳಿಸಿ ಬಿಟ್ಟರೆ ಮತ್ತೆ ಏಳುವುದಿಲ್ಲ. ಸ್ಮಾರ್ಟ್‌ಫೋನ್ ರಿಪೇರಿಗೆ ಹೋದ ವಾರ ಅದಕ್ಕೆ ಸಿಮ್ ಹಾಕಲು ಹೋದಾಗ ನ್ಯಾನೊ ಸಿಮ್ ಜಾರಿ ಬೀಳುತ್ತದೆ ಎಂಬುದು ನೆನಪಾಗುತ್ತದೆ. ಹೊಸ ಸಿಮ್ ಜೊತೆ ಬಂದ ಪ್ಲಾಸ್ಟಿಕ್ ಚೌಕಟ್ಟನ್ನು ಈಗಲೇ ಫೋನಿನ ಹಿಂಬದಿಗೆ ಟೇಪು ಹಚ್ಚಿ ಅಂಟಿಸಿಡಿ.